ಕಪ್ಪು ದ್ರಾಕ್ಷಿಯ ಚರಿತ್ರೆ: ಬಲಿಪೀಠವೂ ಮನೆಯ ಮೇಜೂ

ಶತಮಾನೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ದೇವಾಲಯದ ನಿರ್ಮಾಣ, ಗುರುಗಳ ಸೇವೆ, ಭಕ್ತಾದಿಗಳ ತ್ಯಾಗ ಮುಂತಾದ ವಿಷಯಗಳನ್ನು ಕುರಿತು ಬಲ್ಲವರು ಬರೆದಿದ್ದಾರೆ. ಅವುಗಳ ಮುಂದೆ ನಾವು ಆರಿಸಿಕೊಂಡ ವಿಷಯ ಅಲ್ಪವೆಂದು ತೋರಬಹುದು. ಬಲಿಪೂಜೆಯಲ್ಲಿ ರೊಟ್ಟಿಯೊಡನೆ ಅರ್ಪಿತವಾಗುವ ದ್ರಾಕ್ಷಾರಸವನ್ನು ನಾವೆಲ್ಲರೂ ಬಾಲ್ಯದಿಂದಲೇ ಕಂಡಿದ್ದೇವೆ. ಕ್ರಿಸ್ಮಸ್ ಹಬ್ಬದಂದು ಸಣ್ಣ ಲೋಟದಲ್ಲಿ ಕೆಂಪು ರಸವನ್ನು ಸವಿದವರೂ ನಮ್ಮಲ್ಲಿ ಹಲವರಿದ್ದಾರೆ. ಆದರೆ ಅದು ಯಾವ ಬಳ್ಳಿಯ ಫಲ, ಅದರ ಕುಲಗೋತ್ರಗಳೇನು ಎಂದು ವಿಚಾರಿಸಿದವರು ವಿರಳ. ನಮ್ಮ ಸೀಮೆಯಲ್ಲೇ ಬೆಳೆಯುವ ಒಂದು ಹಣ್ಣಿನ ಚರಿತ್ರೆಯನ್ನು ನಾವೇ ಅರಿಯದಿರುವುದು ಸರಿಯಲ್ಲವೆಂಬ ಭಾವನೆಯಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇವೆ.

ಬಳ್ಳಿ ಬಂದ ದಾರಿ

ದಕ್ಷಿಣ ಭಾರತದಲ್ಲಿ ದ್ರಾಕ್ಷಿಯ ಕೃಷಿ ಹರಡಿದ ಬಗೆಯನ್ನು ಹೇಳುವಾಗ ತೋಟಗಾರಿಕೆಯ ವಿದ್ವಾಂಸರು ಕ್ರೈಸ್ತ ಮಿಷನರಿಗಳನ್ನು ತಪ್ಪದೆ ಸ್ಮರಿಸುತ್ತಾರೆ. ಸುಮಾರು 1832ರಲ್ಲಿ ಸೇಲಂ ಮತ್ತು ಮಧುರೆ ಪ್ರಾಂತಗಳಿಗೆ ದ್ರಾಕ್ಷಿಬಳ್ಳಿಯನ್ನು ತಂದವರು ಅವರೇ ಎಂಬುದು ಪ್ರಚಲಿತವಾದ ಹೇಳಿಕೆ. ಬಲಿಪೂಜೆಗೆ ದ್ರಾಕ್ಷಾರಸ ಅನಿವಾರ್ಯವಾದ ಕಾರಣ, ಅವರಿಗೆ ಈ ಬಳ್ಳಿಯ ಮೇಲೆ ಅಕ್ಕರೆ ಇದ್ದುದು ಸಹಜವೇ.

ಬೆಂಗಳೂರಿನ ಸುತ್ತಮುತ್ತ ಸುಮಾರು ಒಂದೂವರೆ ಶತಮಾನದಿಂದ ಬೇರೂರಿರುವ ತಳಿಗೆ ‘ಬೆಂಗಳೂರು ಬ್ಲೂ’ ಎಂದು ಹೆಸರು. ನಮ್ಮ ಜನ ಅದನ್ನು ಕಪ್ಪು ದ್ರಾಕ್ಷಿಯೆಂದೇ ಕರೆಯುತ್ತಾರೆ. ದಪ್ಪ ಸಿಪ್ಪೆ, ಒಳಗೆ ಬೀಜ, ಒತ್ತಿದೊಡನೆ ಸಿಪ್ಪೆಯಿಂದ ಜಾರಿ ಬರುವ ತಿರುಳು, ಸಿಹಿಯೊಡನೆ ಬೆರೆತ ಹುಳಿ, ಕೋಣೆಯನ್ನೆಲ್ಲ ತುಂಬುವ ಪರಿಮಳ, ಇವು ಅದರ ಲಕ್ಷಣಗಳು. ಕಲ್ಲುಕಂಬಗಳ ಮೇಲೆ ತಂತಿ ಬಿಗಿದ ಚಪ್ಪರಕ್ಕೆ ಹಬ್ಬಿಸಿದರೆ, ನಮ್ಮ ಹವೆಯಲ್ಲಿ ವರ್ಷಕ್ಕೆ ಎರಡು ಬೆಳೆ ಕೊಡುವ ಬಳ್ಳಿಯಿದು. ಬೆಂಗಳೂರು, ದೇವನಹಳ್ಳಿ, ಚಿಕ್ಕಬಳ್ಳಾಪುರ, ಕೋಲಾರಗಳ ಕಡೆಯ ಈ ಹಣ್ಣಿಗೆ 2013ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು.

ಒಂದೇ ಕುಲ, ಹಲವು ದೇಶ

ಈ ಹಣ್ಣು ಅಮೆರಿಕ ಮೂಲದ ‘ಇಸಬೆಲ್ಲಾ’ ತಳಿಯೇ ಎಂದು ಶಾಸ್ತ್ರಜ್ಞರು ಗುರುತಿಸಿದ್ದಾರೆ. ಅಮೆರಿಕದ ಕಾಡುದ್ರಾಕ್ಷಿಗೂ ಯುರೋಪಿನ ದ್ರಾಕ್ಷಿಗೂ ಹುಟ್ಟಿದ ಮಿಶ್ರಕುಲವಿದು. 19ನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಸಸಿತೋಟಗಳ ಮೂಲಕ ಪ್ರಸಿದ್ಧಿಗೆ ಬಂದು, ಅಲ್ಲಿಂದ ಸಮುದ್ರಗಳನ್ನು ದಾಟಿತು. 1860ರ ದಶಕದಿಂದ ಫಿಲಾಕ್ಸೆರಾ ಎಂಬ ಬೇರುಹುಳು ಫ್ರಾನ್ಸಿನ ತೋಟಗಳನ್ನು ಹಾಳುಗೆಡವಿದಾಗ, ಅಲ್ಲಿನ ರೈತರು ಇಂತಹ ಗಟ್ಟಿಮುಟ್ಟಾದ ಮಿಶ್ರತಳಿಗಳ ಆಸರೆ ಪಡೆದರು. ಆದರೆ ಕಷ್ಟ ಕಳೆದ ಮೇಲೆ ಉಪಕಾರಸ್ಮರಣೆ ಉಳಿಯಲಿಲ್ಲ. ಇಳುವರಿ ಅತಿಯಾಗಿ ಬೆಲೆ ಕುಸಿದಾಗ, ರುಚಿ ಕೀಳೆಂಬ ಅಪವಾದವನ್ನೂ ಹೊರಿಸಿ, 1934ರ ಕಾನೂನಿನ ಮೂಲಕ ಫ್ರಾನ್ಸ್ ದೇಶವು ಇಸಬೆಲ್ಲಾ ಸಹಿತವಾಗಿ ಆರು ತಳಿಗಳನ್ನು ಬಹಿಷ್ಕರಿಸಿತು.

ಇಲ್ಲೊಂದು ಸೋಜಿಗವುಂಟು. ಮೈಸೂರು ಸೀಮೆಯಲ್ಲಿ ಧರ್ಮಸಭೆಯನ್ನು ಕಟ್ಟಿದವರು ಪ್ಯಾರಿಸ್ ವಿದೇಶೀ ಮಿಷನ್ ಸಂಸ್ಥೆಯ ಫ್ರೆಂಚ್ ಗುರುಗಳು. ಅವರ ತಾಯ್ನಾಡು ಹೊರದೂಡಿದ ಬಳ್ಳಿಯನ್ನು ಅವರು ಸೇವೆ ಸಲ್ಲಿಸಿದ ನಾಡು ಮಡಿಲಲ್ಲಿಟ್ಟುಕೊಂಡು ಸಲಹಿತು.

ನಮ್ಮದೊಂದೇ ನಾಡಲ್ಲ. ಬ್ರೆಜಿಲ್ ದೇಶದ ದಕ್ಷಿಣ ಭಾಗದಲ್ಲಿ ನೆಲೆಸಿದ ಇಟಲಿಯ ವಲಸಿಗರು ಇದನ್ನೇ ನೆಚ್ಚಿದರು. ಪೋರ್ಚುಗಲ್ಲಿನ ಅಜೋರ್ಸ್ ದ್ವೀಪಗಳಲ್ಲಿ ಇದರ ರಸಕ್ಕೆ ‘ಪರಿಮಳದ ದ್ರಾಕ್ಷಾರಸ’ವೆಂಬ ಅರ್ಥ ಬರುವ ಹೆಸರಿದೆ. ಇಟಲಿಯಲ್ಲಿ ಇದು ‘ಫ್ರಾಗೊಲಿನೊ’. ಸ್ಟ್ರಾಬೆರಿಯ ಕಂಪಿನಿಂದ ಬಂದ ಹೆಸರು. ಆಸ್ಟ್ರಿಯದ ‘ಉಹುಡ್ಲರ್’ ಎಂಬ ರಸದಲ್ಲಿಯೂ ಈ ಹಣ್ಣಿಗೆ ಪಾಲುಂಟು. ಇಂಗ್ಲಿಷ್ ಬಲ್ಲ ರಸಜ್ಞರು ‘ನರಿವಾಸನೆ’ ಎಂದು ಮೂಗು ಮುರಿದ ಅದೇ ಪರಿಮಳವನ್ನು ಇಟಲಿಯ ರೈತ ಹಣ್ಣಿನ ಕಂಪೆಂದು ಕೊಂಡಾಡಿದ. ಅಭಿರುಚಿಯೆಂಬುದು ಬಹುಮಟ್ಟಿಗೆ ಅಭ್ಯಾಸವೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ಬಲಿಪೀಠದ ರಸ, ಜಾಡಿಯ ರಸ

ಬಲಿಪೂಜೆಯ ದ್ರಾಕ್ಷಾರಸಕ್ಕೂ ಹಬ್ಬದ ದ್ರಾಕ್ಷಾರಸಕ್ಕೂ ಇರುವ ಅಂತರವನ್ನು ನಾವು ಅರಿತಿರಬೇಕು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 924ನೆಯ ವಿಧಿಯಂತೆ ಬಲಿಪೂಜೆಯ ರಸವು ಸಹಜವಾದುದಾಗಿರಬೇಕು, ದ್ರಾಕ್ಷಿಯಿಂದಲೇ ಆದುದಾಗಿರಬೇಕು, ಕೆಟ್ಟಿರಬಾರದು. ಕೆಂಪೋ ಬಿಳಿಯೋ ಎಂಬ ನಿರ್ಬಂಧವಿಲ್ಲ. ಕ್ರೈಸ್ತ ಮನೆಗಳಲ್ಲಿ ಪಿಂಗಾಣಿ ಜಾಡಿಯಲ್ಲಿ ಹಣ್ಣನ್ನು ಕಿವುಚಿ ಹಾಕಿ, ಸಕ್ಕರೆ, ಹಿಡಿ ಗೋಧಿ, ಚಕ್ಕೆ, ಲವಂಗ ಸೇರಿಸಿ, ಬಾಯಿಗೆ ಬಟ್ಟೆ ಕಟ್ಟಿಡುತ್ತಿದ್ದ ಪದ್ಧತಿಯ ರಸ ಬಲಿಪೀಠಕ್ಕೆ ಸಲ್ಲುವಂಥದಲ್ಲ.

ಸಕ್ಕರೆಯನ್ನು ಸೇರಿಸುತ್ತಿದ್ದುದಕ್ಕೆ ಕಾರಣವಿತ್ತು. ಒಂದು ಲೀಟರ್ ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಶೇಕಡಾ 1ರಷ್ಟು ಮದ್ಯಸಾರವಾಗುತ್ತದೆ. ನಮ್ಮ ಕಪ್ಪು ದ್ರಾಕ್ಷಿಯ ಸ್ವಂತ ಸಕ್ಕರೆಯಿಂದ ಶೇಕಡಾ 9 ಅಥವಾ 10ರಷ್ಟಾದೀತು. ಹಾಗೆಯೇ ಬಿಟ್ಟರೆ ರಸ ತೆಳ್ಳಗೆ, ಹುಳಿಯಾಗಿ ನಿಲ್ಲುತ್ತದೆ. ಸೆಖೆಯಲ್ಲಿ ಬೇಗನೆ ಕೆಡುತ್ತದೆ. ಆದುದರಿಂದಲೇ ಈ ಹಣ್ಣಿನ ರಸವನ್ನು ಸಿಹಿಯಾಗಿ, ಪೋರ್ಟ್ ಮಾದರಿಯಲ್ಲಿ ಮದ್ಯಸಾರ ಬೆರೆಸಿ ತಯಾರಿಸುವ ರೂಢಿ ಬೆಳೆಯಿತು. ಇನ್ನೊಂದು ಮಾತು: ಕರ್ನಾಟಕದ 1965ರ ಅಬ್ಕಾರಿ ಕಾಯಿದೆಯಂತೆ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ನಿಷಿದ್ಧ. ಹಬ್ಬದ ಜಾಡಿಗೂ ವಿನಾಯಿತಿಯುಂಟೆಂದು ಯಾರೂ ಭಾವಿಸದಿರಲಿ.

ಮನೆಯ ಮೇಜಿನ ಮೇಲೆ

1988ರಲ್ಲಿ ಗ್ರೋವರ್ ಕುಟುಂಬದವರು ನಂದಿಬೆಟ್ಟದ ತಪ್ಪಲಲ್ಲಿ, ದೊಡ್ಡಬಳ್ಳಾಪುರದ ಬಳಿ ಫ್ರಾನ್ಸಿನ ತಳಿಗಳ ತೋಟವನ್ನು ಆರಂಭಿಸಿದರು. ಕ್ಯಾಬರ್ನೆ, ಶಿರಾಜ್ ಎಂಬ ಹೆಸರುಗಳು ಆ ಬಳಿಕ ಪೇಟೆಯಲ್ಲಿ ಪರಿಚಿತವಾದವು. ಕಪ್ಪು ದ್ರಾಕ್ಷಿಯ ರಸವಾದರೋ ಅಗ್ಗದ ಸೀಸೆಯೆಂಬ ತಾತ್ಸಾರಕ್ಕೆ ಗುರಿಯಾಗಿದೆ. ಈ ತಾತ್ಸಾರ ಎಷ್ಟರಮಟ್ಟಿಗೆ ಯುಕ್ತವೆಂದು ನೋಡಲು ನಾವು ಒಮ್ಮೆ ಎರಡೂ ಬಗೆಯ ಸೀಸೆಗಳನ್ನು ಮನೆಯಲ್ಲಿ ಜೊತೆಯಾಗಿಟ್ಟು ಸವಿದೆವು. ಶಿರಾಜ್ ಗಂಭೀರವಾಗಿತ್ತು, ನಾಲಗೆಯನ್ನು ಒಗರಿನಿಂದ ಹಿಡಿದು ನಿಲ್ಲಿಸಿತು. ನಮ್ಮ ಹಣ್ಣಿನದು ಹಗುರವಾದ ಸಿಹಿ ರಸ. ಆದರೆ ಮೂಗಿನ ಬಳಿ ತಂದೊಡನೆ ಸುಗ್ಗಿಯ ಕಾಲದ ದ್ರಾಕ್ಷಿಬುಟ್ಟಿ ನೆನಪಾಯಿತು. ಒಂದನ್ನು ಇನ್ನೊಂದರ ಅಳತೆಗೋಲಿನಿಂದ ಅಳೆಯುವುದು ಅನ್ಯಾಯವೆಂದು ನಮಗೆ ಮನದಟ್ಟಾಯಿತು.

ಆಸಕ್ತರಿಗೆ ಅನುಭವದಿಂದ ಕೆಲವು ಸೂಚನೆಗಳು. ಬೇಸಗೆಯಲ್ಲಿ ನಮ್ಮ ಕೋಣೆಯ ಉಷ್ಣ ಕೆಂಪು ರಸಕ್ಕೆ ಹೆಚ್ಚಾಯಿತು. ಬಡಿಸುವ ಮುನ್ನ ಸೀಸೆಯನ್ನು ಅರ್ಧ ಗಂಟೆ ಶೀತಕ ಪೆಟ್ಟಿಗೆಯಲ್ಲಿಡಬೇಕು. ಲೋಟದ ಮೂರನೆಯ ಒಂದು ಭಾಗ ತುಂಬಿದರೆ ಸಾಕು. ಉಳಿದ ಜಾಗ ಪರಿಮಳಕ್ಕೆ. ಸಿಹಿ ರಸಕ್ಕೆ ಹಬ್ಬದ ಕೇಕು ಜೊತೆ. ಸಿಹಿಯಿಲ್ಲದ ರಸಕ್ಕೆ ಮುದ್ದೆ, ಮಾಂಸದ ಸಾರು. ತೆರೆದ ಸೀಸೆಗೆ ಬಿರಡೆ ಹಾಕಿ ತಂಪಿನಲ್ಲಿಟ್ಟು, ಸಿಹಿಯಿಲ್ಲದ ರಸವನ್ನು ಮೂರು ನಾಲ್ಕು ದಿನಗಳಲ್ಲಿ ಮುಗಿಸಬೇಕು.

ಮಿತಿಯೂ ಉಳಿವೂ

2007ರ ವರ್ಷ ಈ ಚರಿತ್ರೆಯಲ್ಲಿ ಗಮನಾರ್ಹ. ಅದೇ ವರ್ಷ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಅದೇ ವರ್ಷ ಸರ್ಕಾರದ ದ್ರಾಕ್ಷಾರಸ ನೀತಿಯೂ ಜಾರಿಗೆ ಬಂದಿತು. ಸಾರಾಯಿ ಎಷ್ಟು ಸಂಸಾರಗಳನ್ನು ಬೀದಿಗೆ ತಂದಿತೆಂಬುದನ್ನು ಹಳ್ಳಿಗಳಲ್ಲಿ ಬಾಳಿದ ನಮಗೆ ಯಾರೂ ಹೇಳಬೇಕಿಲ್ಲ. ಆದಕಾರಣ ಕುಡಿತದ ವ್ಯಸನ ಕಂಡ ಮನೆಯಲ್ಲಿ ಈ ಸೀಸೆಗೆ ಸ್ಥಳವಿಲ್ಲವೆಂದೇ ನಮ್ಮ ಅಭಿಪ್ರಾಯ. ಅಂತಹ ದೌರ್ಬಲ್ಯವುಳ್ಳ ಗುರುಗಳು ಧರ್ಮಾಧ್ಯಕ್ಷರ ಅನುಮತಿ ಪಡೆದು ಬಲಿಪೂಜೆಯಲ್ಲಿಯೂ ಹುದುಗದ ದ್ರಾಕ್ಷಿರಸವನ್ನು ಬಳಸಬಹುದೆಂದು ಧರ್ಮಸಭೆಯೇ ಅವಕಾಶವಿತ್ತಿದೆ. ದೇವಾಲಯ ತೋರುವ ಈ ಕರುಣೆಯನ್ನು ಮನೆ ಮರೆಯಬಾರದು.

ಕೊನೆಯದಾಗಿ ಬಳ್ಳಿಯ ಮಾತು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾದಂದಿನಿಂದ ಸುತ್ತಣ ನೆಲಕ್ಕೆ ಚಿನ್ನದ ಬೆಲೆ. ತೋಟಗಳ ಜಾಗದಲ್ಲಿ ನಿವೇಶನಗಳು ಏಳುತ್ತಿವೆ. ಇತ್ತ ಬೈರಕೂರು, ಮುಳಬಾಗಿಲು ಕಡೆಯ ನಮ್ಮ ಸೀಮೆಯಲ್ಲಿ ಜೀವನದಿಯಿಲ್ಲ. ಕೆರೆಯನ್ನೂ ಕೊಳವೆಬಾವಿಯನ್ನೂ ನಂಬಿದ ರೈತನಿಗೆ ನೀರು ವರ್ಷದಿಂದ ವರ್ಷಕ್ಕೆ ಆಳಕ್ಕಿಳಿಯುತ್ತಿದೆ. ಬೇಡಿಕೆಯಿಲ್ಲದ ಬಳ್ಳಿಯನ್ನು ಯಾವ ರೈತ ತಾನೇ ಉಳಿಸಿಕೊಂಡಾನು? ಪರದೇಶದ ಹೆಸರುಗಳನ್ನು ಕಲಿಯುವ ನಾವು ಹಬ್ಬದ ದಿನ ನಮ್ಮ ಹಣ್ಣಿನದೊಂದು ಸೀಸೆಯನ್ನು, ಒಲ್ಲದವರು ಒಂದು ಗೊಂಚಲು ಹಣ್ಣನ್ನು, ಹೆಸರು ಹಿಡಿದು ಕೇಳಿ ಮನೆಗೆ ತಂದರೆ ಆ ಚಪ್ಪರ ನಿಂತೀತು. ಮುಂದಿನ ಶತಮಾನೋತ್ಸವದ ಸಂಚಿಕೆಯಲ್ಲಿ ಬರೆಯುವವರು ಈ ಬಳ್ಳಿಯನ್ನು ಕಣ್ಣಾರೆ ಕಂಡು ಬರೆಯುವಂತಾಗಲಿ ಎಂಬುದು ನಮ್ಮ ಹಾರೈಕೆ.