ಸುರಪುರ ಸೀಮೆಯ ಹಿತ್ತಲ ಹಂದರ

ವೈಶಾಖದ ಬಿಸಿಲು 40 ಡಿಗ್ರಿ ಸೆಂಟಿಗ್ರೇಡನ್ನು ಮೀರುವ ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿ, ಮನೆಯೆಂದರೆ ನಾಲ್ಕು ಗೋಡೆಗಳ ಒಳಗಿನ ಭಾಗವಷ್ಟೇ ಎಂದು ಪೂರ್ವಿಕರು ಬಗೆದವರಲ್ಲ. ಕಲ್ಲುಗೋಡೆಯ ಮೇಲೆ ಮಣ್ಣಿನ ಮಾಳಿಗೆ, ಅದರ ಹಿಂದೆ ಹಿತ್ತಲು, ಹಿತ್ತಲಲ್ಲೊಂದು ಬೇವಿನ ಮರ, ಮರದ ಮಗ್ಗುಲಲ್ಲಿ ಹಂದರ: ಇವೆಲ್ಲ ಕೂಡಿಯೇ ಮನೆಯೆನಿಸುತ್ತಿದ್ದವು. ಜೋಳ ಹಸನುಮಾಡುವುದು, ಶ್ಯಾವಿಗೆ ಹೊಸೆಯುವುದು, ಕೌದಿ ಹೊಲಿಯುವುದು, ಕೂಸನ್ನು ತೂಗುವುದು ಎಲ್ಲವೂ ಹಂದರದ ನೆರಳಿನಲ್ಲಿಯೇ ನಡೆಯುತ್ತಿದ್ದವು.

ಹಂದರವೆಂಬ ಮಾತು ತೆಲುಗಿನ ಪಂದಿರಿ, ತಮಿಳಿನ ಪಂದಲ್‌ಗಳ ಒಡಹುಟ್ಟು. ಪದಾದಿಯ ಪಕಾರವು ಕನ್ನಡದಲ್ಲಿ ಹಕಾರವಾಯಿತು. ಅಮರಸಿಂಹನು ಮಂಡಪಕ್ಕೆ ‘ಜನಾಶ್ರಯ’ವೆಂಬ ಪರ್ಯಾಯವನ್ನು ಕೊಟ್ಟಿರುವನು. ಶಿಲೆಯ ಮಂಡಪಕ್ಕಿಂತಲೂ ಬಡವನ ಹಿತ್ತಲ ಹಂದರಕ್ಕೆ ಈ ಹೆಸರು ಹೆಚ್ಚು ಸಲ್ಲುವುದು. ಮದುವೆಗೆ ಮೊದಲು ಹಂದರಗಂಬವನ್ನು ಪೂಜಿಸುವ ಸಂಪ್ರದಾಯವೂ ಈ ನೆರಳಿಗೆ ಸಂದ ಗೌರವವೇ ಸರಿ.

ಸುರಪುರದ ನಾಯಕ ಸಂಸ್ಥಾನದಲ್ಲಿ ರಾಜಾ ವೆಂಕಟಪ್ಪ ನಾಯಕನು ಬಾಲಕನಾಗಿದ್ದಾಗ ಆಡಳಿತವನ್ನು ನೋಡಿಕೊಂಡ ಮೆಡೋಸ್ ಟೇಲರನು 1844ರಲ್ಲಿ ಗುಡ್ಡದ ಮೇಲೆ ತನ್ನ ಬಂಗಲೆಯನ್ನು ಕಟ್ಟಿಸಿದನು. ಅದೇ ಇಂದಿನ ಟೇಲರ್ ಮಂಜಿಲ್. ಅಧಿಕಾರಿಯು ಗಾಳಿಯಿರುವಲ್ಲಿಗೆ ಮನೆಯನ್ನು ಒಯ್ಯಬಲ್ಲನು. ಕೇರಿಯ ಗೃಹಸ್ಥನಾದರೋ ಇದ್ದ ನೆಲಕ್ಕೇ ನೆರಳನ್ನು ತರಬೇಕು. ಅವನ ಜಾಣ್ಮೆಯು ಅರಮನೆಯ ಚರಿತ್ರೆಗಿಂತ ಕಡಿಮೆ ಆದರಣೀಯವಲ್ಲ.

ಈ ಊರುಗಳು ಉತ್ತರ ಅಕ್ಷಾಂಶ 16½ರಿಂದ 17 ಡಿಗ್ರಿಗಳ ನಡುವೆ ಇರುವುದರಿಂದ, ಮೇ ತಿಂಗಳ ಮೊದಲ ಎರಡು ವಾರಗಳೊಳಗೆ ನಡುಹಗಲ ಸೂರ್ಯನು ನೆತ್ತಿಯ ಮೇಲೆಯೇ ನಿಲ್ಲುವನು. ಅಲ್ಲಿಂದ ಆಗಸ್ಟಿನ ಆರಂಭದವರೆಗೆ ತುಸು ಉತ್ತರಕ್ಕೆ ಸರಿದಿರುವನು. ಆದುದರಿಂದ ಆ ಕಾಲದಲ್ಲಿ ತೆಂಕಣ ಸೂರಿನಿಂದ ಪ್ರಯೋಜನವಿಲ್ಲ. ನಡುಹಗಲಿಗೆ ದಪ್ಪ ಹೊದಿಕೆಯೂ, ಇಳಿಹೊತ್ತಿಗೆ ಪಡುವಣ ಮರೆಯೂ ಬೇಕು. ಮನೆಯ ಮೂಡಣ ಗೋಡೆಗೆ ಹೊಂದಿಸಿ ಹಾಕಿದ ಹಂದರಕ್ಕೆ ಸಂಜೆಯವರೆಗೂ ಮನೆಯ ನೆರಳೇ ಮರೆಯಾಗುವುದು. ಕವಲುಗಂಬಗಳ ಮೇಲೆ ಬಿದಿರ ಗಳಗಳನ್ನಿಟ್ಟು, ತೊಗರಿ ಕಟ್ಟಿಗೆಯನ್ನೋ ಹತ್ತಿ ಕಟ್ಟಿಗೆಯನ್ನೋ ಹಾಸಿ, ಮೇಲೆ ಬೇವಿನ ಸೊಪ್ಪನ್ನು ಹರಡಿದರೆ, ಬಿಸಿಗಾಳಿಯು ಸಂದುಗಳಿಂದ ಮೇಲಕ್ಕೆ ಹೋಗುವುದು. ಹೀರೆ, ಅವರೆಗಳ ಬಳ್ಳಿ ಹಬ್ಬಿದರೆ ನೆರಳಿನೊಡನೆ ಪಲ್ಯವೂ ದೊರೆಯುವುದು. ಒಣಗಿದ ಹೊದಿಕೆಗೆ ಕಿಡಿ ತಾಗದಂತೆ ಒಲೆಯನ್ನು ದೂರವಿಡುವುದು ಮಾತ್ರ ಅವಶ್ಯ.

1982ರಲ್ಲಿ ನಾರಾಯಣಪುರದ ಅಣೆಕಟ್ಟು ಪೂರ್ಣಗೊಂಡ ಬಳಿಕ ಕಾಲುವೆಯ ನೀರು ಸುರಪುರ, ಶಹಾಪುರಗಳ ಹೊಲಗಳಿಗೆ ಹರಿಯಿತು. ಅನೇಕ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಮನೆಗಳೂ ಬದಲಾದವು. ನಿವೇಶನದ ಅಂಚಿನವರೆಗೆ ಸಿಮೆಂಟಿನ ಮಾಳಿಗೆಯೆದ್ದು, ಹಿತ್ತಲು ಅಳಿದು, ಹಂದರವಿದ್ದಲ್ಲಿ ತಗಡು ಬಂದಿತು. ತಗಡು ಮಳೆಯನ್ನು ತಡೆಯುವುದು ನಿಜ. ಆದರೆ ಬಿಸಿಲನ್ನು ತಾನು ಕುಡಿದು ಕೆಳಗಿನವರ ತಲೆಯ ಮೇಲೆ ಸುರಿಯುವುದು. ಇದರ ಬಾಧೆಯು ಹಗಲೆಲ್ಲ ಮನೆಯಲ್ಲೇ ಇರುವ ವೃದ್ಧರಿಗೂ, ಬಾಣಂತಿಯರಿಗೂ, ಶಿಶುಗಳಿಗೂ ತಟ್ಟುವುದು. ಹೊರಗೆ ದುಡಿಯುವ ಯಜಮಾನನಿಗೆ ಅದು ಬೇಗನೆ ತಿಳಿಯದು.

ಹೊಸ ಮನೆಯ ನಕ್ಷೆಯನ್ನು ಬರೆಯಿಸುವ ಗೃಹಸ್ಥರು ಮೂಡಣ ಮಗ್ಗುಲಲ್ಲಿ ಹತ್ತು ಮೊಳ ನೆಲವನ್ನು ಬಿಟ್ಟು, ಒಂದು ಬೇವಿನ ಸಸಿಯನ್ನು ನೆಟ್ಟರೆ ಸಾಕು. ಅದು ಬೆಳೆಯುವವರೆಗೆ ನಾಲ್ಕು ಕಂಬಗಳ ಹಂದರವು ಮನೆಮಂದಿಯನ್ನು ಕಾಯುವುದು.