ಕಾಲು ಮೈಲಿ, ಖಾಲಿ ಜೇಬು

ಈ ಸಲ ಸ್ವಲ್ಪ ಪೆಟ್ರೋಲ್ ವಾಸನೆಯ ಇತಿಹಾಸ. ಕಾರು-ಗೀರು ಅಂದ್ರೆ ಆಕಳಿಸುವವರೂ ಒಂದೈದು ನಿಮಿಷ ತಾಳ್ಮೆಯಿಂದ ಓದಿ ನೋಡಿ. ಇದು ಕಾರಿಗಿಂತ ಹೆಚ್ಚಾಗಿ, ಕೈಯಲ್ಲಿ ದುಡ್ಡಿಲ್ಲದ ಹುಡುಗರ ಕಥೆ.

ಡ್ರ್ಯಾಗ್ ರೇಸಿನ ನಿಯಮ ಬಹಳ ಸರಳ. ನೇರ ರಸ್ತೆ, ಎರಡು ಕಾರು. ನಿಂತಲ್ಲಿಂದ ಹೊರಡಬೇಕು. 1320 ಅಡಿ, ಅಂದರೆ ಕಾಲು ಮೈಲಿ (ನಮ್ಮ ಲೆಕ್ಕದಲ್ಲಿ ಸುಮಾರು 402 ಮೀಟರ್) ಆಚೆಗಿರುವ ಗೆರೆಯನ್ನು ಯಾರು ಮೊದಲು ದಾಟುತ್ತಾರೋ ಅವರು ಗೆದ್ದರು. ತಿರುವಿಲ್ಲ, ಏರಿಳಿತವಿಲ್ಲ, ಹತ್ತು ಹದಿನೈದು ಸೆಕೆಂಡಿನಲ್ಲಿ ಆಟ ಮುಗಿದೇ ಹೋಯಿತು. ಆ ಹದಿನೈದು ಸೆಕೆಂಡಿನಲ್ಲಿ ಹತ್ತನೇ ಒಂದು ಭಾಗ ಉಳಿಸೋದು ಹೇಗೆ, ಅದೂ ಜೇಬಿಗೆ ಕತ್ತರಿ ಬೀಳದ ಹಾಗೆ? ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಹತ್ತಾರು ವರ್ಷ ಇದಕ್ಕೇ ತಲೆ ಕೆಡಿಸಿಕೊಂಡರು.

ಮೊದಲು ಅವರ ಕೈಗೆ ಸಿಕ್ಕ ಸಾಮಾನು ಏನು ಅಂತ ನೋಡೋಣ. 1932ರಲ್ಲಿ ಫೋರ್ಡ್ ಕಂಪನಿ ಸಾಮಾನ್ಯ ಜನರ ಬೆಲೆಗೆ ವಿ-8 ಇಂಜಿನ್ ಇರುವ ಕಾರನ್ನು ಮಾರುಕಟ್ಟೆಗೆ ಬಿಟ್ಟಿತು. 65 ಅಶ್ವಶಕ್ತಿ. ಇವತ್ತು ನಮ್ಮೂರಿನ ಸಣ್ಣ ಹ್ಯಾಚ್‌ಬ್ಯಾಕ್‌ಗೂ ಅಷ್ಟಿರುತ್ತೆ, ಆದರೆ ಆ ಕಾಲಕ್ಕೆ ಅದು ದೊಡ್ಡ ಮಾತು. ಕೆಲವೇ ವರ್ಷಗಳಲ್ಲಿ ಈ ಕಾರುಗಳು ಸೆಕೆಂಡ್ ಹ್ಯಾಂಡ್ ಆಗಿ, ಆಮೇಲೆ ಗುಜರಿಗೆ ಬಂದವು. ಹುಡುಗರು ಅವನ್ನು ಕೊಂಡು, ಮುರೋಕ್, ಎಲ್ ಮಿರಾಜ್ ಮುಂತಾದ ಒಣಗಿದ ಕೆರೆಗಳ ಚಪ್ಪಟೆ ನೆಲದಲ್ಲಿ ಓಡಿಸುತ್ತಿದ್ದರು. 1937ರಲ್ಲೇ ಅಲ್ಲಿ ಇದಕ್ಕೊಂದು ಸಂಘ ಹುಟ್ಟಿತ್ತು. ಯುದ್ಧ ಮುಗಿದ ಮೇಲೆ ಸೈನ್ಯದಲ್ಲಿ ಮೆಕ್ಯಾನಿಕ್ ಕೆಲಸ ಕಲಿತವರೆಲ್ಲ ಮನೆಗೆ ವಾಪಸ್ ಬಂದರು. ಜೊತೆಗೇ ವಿಮಾನಗಳ ಅಲ್ಯೂಮಿನಿಯಂ ಸೀಟು, ಸೊಂಟದ ಬೆಲ್ಟು ಮುಂತಾದ ಮಿಲಿಟರಿ ಸಾಮಾನು ಹರಾಜಿನ ಬೆಲೆಗೆ ಅಂಗಡಿಗಳಿಗೆ ಬಂತು. ಕೆರೆ ದೂರ, ರಸ್ತೆ ಹತ್ತಿರ. ಹಾಗಾಗಿ ಊರೊಳಗಿನ ಬೀದಿಗಳಲ್ಲೇ ರೇಸು ಶುರುವಾಯಿತು. ಅಪಘಾತ, ಸಾವು, ಪೊಲೀಸು, ಪತ್ರಿಕೆಗಳ ಬೈಗುಳ ಎಲ್ಲವೂ ಹಿಂದೆಯೇ ಬಂದವು.

1948ರಲ್ಲಿ 'ಹಾಟ್ ರಾಡ್' ಪತ್ರಿಕೆ ಹುಟ್ಟಿತು. 1950ರಲ್ಲಿ ಸಿ. ಜೆ. ಹಾರ್ಟ್ ಮತ್ತು ಗೆಳೆಯರು ಸಾಂಟಾ ಆನಾದಲ್ಲಿ ವಿಮಾನ ನಿಲ್ದಾಣದ ರನ್‌ವೇಯನ್ನು ಭಾನುವಾರಗಳಿಗೆ ಪಡೆದು, ಟಿಕೆಟ್ ಇಟ್ಟು, ಗಡಿಯಾರ ಇಟ್ಟು ರೇಸ್ ನಡೆಸಿದರು. ಮುಂದಿನ ವರ್ಷ ವಾಲಿ ಪಾರ್ಕ್ಸ್ ಎನ್‌ಎಚ್‌ಆರ್‌ಎ ಸಂಸ್ಥೆ ಕಟ್ಟಿದ. ಹುಡುಗರನ್ನು ಬೀದಿಯಿಂದ ಎಬ್ಬಿಸಿ ಸ್ಟ್ರಿಪ್‌ಗೆ ಕರೆತರುವುದೇ ಅದರ ಮುಖ್ಯ ಗುರಿ.

ನನ್ನ ಪ್ರಕಾರ ಇದರಲ್ಲಿ ಎಲ್ಲಕ್ಕಿಂತ ದೊಡ್ಡ ವಿಷಯ ಆ ಗಡಿಯಾರ. ಬೀದಿಯಲ್ಲಿ 'ನನ್ನ ಗಾಡಿ ರಾಕೆಟ್ ಮಗಾ' ಅಂತ ಎಷ್ಟು ಬೇಕಾದರೂ ಕೊಚ್ಚಿಕೊಳ್ಳಬಹುದು. ಗಡಿಯಾರದ ಮುಂದೆ ಅದು ನಡೆಯಲ್ಲ. ಪ್ರೋಗ್ರಾಂ ಬರೆಯುವವರಿಗೆ ಇದು ಚೆನ್ನಾಗಿ ಅರ್ಥವಾಗುತ್ತೆ. ಪ್ರೊಫೈಲರ್ ಓಡಿಸುವ ತನಕ ನಾವೆಲ್ಲ ನಮ್ಮ ಕೋಡು ಯಾಕೆ ನಿಧಾನ ಅಂತ ಊಹೆಯಲ್ಲೇ ಇರ್ತೀವಿ :-)

ಗಡಿಯಾರ ಹೇಳಿದ ಮೊದಲ ಸತ್ಯ ಕಾರಿನವರಿಗೆ ಅವಮಾನವೇ ಆಗಿರಬೇಕು. ಸಾಂಟಾ ಆನಾದಲ್ಲಿ ದೊಡ್ಡ ದೊಡ್ಡ ವಿ-8 ಕಾರುಗಳನ್ನು ಮೀರಿಸಿದ್ದು 'ದಿ ಬೀಸ್ಟ್' ಎಂಬ ಹೆಸರಿನ ಒಂದು ಹಾರ್ಲೆ ಬೈಕು. ಅದನ್ನು ಕಟ್ಟಿದವನು ಚೆಟ್ ಹರ್ಬರ್ಟ್. ಪೋಲಿಯೋದಿಂದ ಗಾಲಿಕುರ್ಚಿ ಹಿಡಿದಿದ್ದ ಹುಡುಗ, ಹಾಗಾಗಿ ಓಡಿಸುತ್ತಿದ್ದವನು ಬೇರೆ. ಬೈಕಿನ ಇಂಜಿನ್ ಸಣ್ಣದು, ಆದರೆ ಅದು ಹೊರಬೇಕಾದ ಭಾರ ಇನ್ನೂ ಸಣ್ಣದು. ಅದೇ 1950ರಲ್ಲಿ ಡಿಕ್ ಕ್ರಾಫ್ಟ್ ಎಂಬಾತ ಹಳೇ ಫೋರ್ಡ್ ಮಾಡೆಲ್-ಟಿಯ ಬಾಡಿ, ಮಡ್‌ಗಾರ್ಡು, ಬಾನೆಟ್ಟು ಎಲ್ಲಾ ಕಿತ್ತೆಸೆದು, ಚಾಸಿ, ಇಂಜಿನ್, ಒಂದು ಸೀಟು ಮಾತ್ರ ಉಳಿಸಿಕೊಂಡು ಬಂದ. ಆ ಗಾಡಿಗೆ 'ದಿ ಬಗ್' ಅಂತ ಹೆಸರು. (ನಮ್ಮ ಕಸುಬಿನಲ್ಲಿ ಬಗ್ ಅಂದರೆ ನಿಧಾನ ಮಾಡುವಂಥದ್ದು, ಇಲ್ಲಿ ಉಲ್ಟಾ!) ಇವತ್ತಿಗೂ ಹಲವರು ಮೊದಲ ಡ್ರ್ಯಾಗ್‌ಸ್ಟರ್ ಅಂತ ಕರೆಯುವುದು ಇದನ್ನೇ. ಖರ್ಚು? ಒಂದು ಸ್ಪ್ಯಾನರ್, ಒಂದು ಭಾನುವಾರ.

ಇದರ ಹಿಂದೆ ಒಂದು ಚಂದದ ಲೆಕ್ಕ ಇದೆ. ರೋಜರ್ ಹಂಟಿಂಗ್ಟನ್ ಎಂಬ ವಾಹನ ಬರಹಗಾರ ನೂರಾರು ಓಟಗಳ ಅಂಕಿಗಳನ್ನು ನೋಡಿ, ಕಾಲು ಮೈಲಿಯ ಕೊನೆಯ ವೇಗ ಅಶ್ವಶಕ್ತಿಯನ್ನು ತೂಕದಿಂದ ಭಾಗಿಸಿದ್ದರ ಘನಮೂಲಕ್ಕೆ ಸರಿಯಾಗಿ ಏರುತ್ತದೆ ಅಂತ ಒಂದು ಸೂತ್ರ ಕೊಟ್ಟಿದ್ದ. 1973ರಲ್ಲಿ ಜೆಫ್ರಿ ಫಾಕ್ಸ್ 'ಅಮೆರಿಕನ್ ಜರ್ನಲ್ ಆಫ್ ಫಿಸಿಕ್ಸ್'ನಲ್ಲಿ ಅದು ಯಾಕೆ ಹಾಗೆ ಅಂತ ವಿವರಿಸಿದ. ಇಂಜಿನ್ ಒಂದೇ ಸಮನೆ ಶಕ್ತಿ ಕೊಡುತ್ತಿದೆ ಅಂತ ಇಟ್ಟುಕೊಂಡರೆ ಪಿಯುಸಿ ಗಣಿತದಲ್ಲೇ ಉತ್ತರ ಬರುತ್ತೆ, ಬೇಕಿದ್ದರೆ ಮಾಡಿ ನೋಡಿ. ಓಟದ ಸಮಯವೂ ಅದೇ ಘನಮೂಲಕ್ಕೆ ಅಂಟಿಕೊಂಡಿದೆ. ಘನಮೂಲ ಬಹಳ ಜಿಪುಣ. ಸಮಯವನ್ನು ಶೇಕಡಾ 10 ಇಳಿಸಬೇಕು ಅಂದರೆ ಶಕ್ತಿ ಸುಮಾರು ಶೇಕಡಾ 37 ಏರಬೇಕು! ಆದರೆ ಆ ಸೂತ್ರದಲ್ಲಿ ಶಕ್ತಿಗೆ ಇರುವಷ್ಟೇ ಬೆಲೆ ತೂಕಕ್ಕೂ ಇದೆ. 3500 ಪೌಂಡ್ ತೂಗುವ, 250 ಅಶ್ವಶಕ್ತಿಯ ಕಾರಿನಿಂದ 100 ಪೌಂಡ್ (ಸುಮಾರು 45 ಕೆಜಿ) ಇಳಿಸಿದರೆ ಏಳು ಅಶ್ವಶಕ್ತಿ ಸೇರಿಸಿದಷ್ಟೇ ಲಾಭ, ಓಟದಲ್ಲಿ ಒಂದು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ತುಸು ಹೆಚ್ಚೇ ಉಳಿತಾಯ. ಏಳು ಅಶ್ವಶಕ್ತಿಗೆ ಅಂಗಡಿಯಲ್ಲಿ ದುಡ್ಡು ಕೊಡಬೇಕು. ಸ್ಟೆಪ್ನಿ, ಜಾಕು, ಹಿಂದಿನ ಸೀಟು ಬಿಚ್ಚಿ ಗ್ಯಾರೇಜಿನಲ್ಲಿ ಇಟ್ಟು ಬರೋದಕ್ಕೆ ಯಾರೂ ಬಿಲ್ ಹಾಕಲ್ಲ. ನಮ್ಮ ಹಾಸ್ಟೆಲ್‌ನಲ್ಲಿ ಆರ್‌ಎಕ್ಸ್ ಹಂಡ್ರೆಡ್ ಇಟ್ಟುಕೊಂಡಿದ್ದವನೊಬ್ಬ ಮಡ್‌ಗಾರ್ಡು, ಇಂಡಿಕೇಟರು, ಸೀರೆ ಗಾರ್ಡು ಎಲ್ಲಾ ಕಿತ್ತು ಹಾಕಿದ್ದ. ಅವನಿಗೆ ಈ ಸೂತ್ರ ಗೊತ್ತಿರಲಿಲ್ಲ, ಮ್ಯಾಥ್ಸ್‌ನಲ್ಲಿ ಬೇರೆ ಬ್ಯಾಕ್ ಇತ್ತು!

ಇಂಜಿನ್ನಿನ ಕಡೆ ಏನೂ ನಡೆಯಲಿಲ್ಲ ಅಂತಲ್ಲ. ವಿಕ್ ಎಡೆಲ್‌ಬ್ರಾಕ್ ಎರಡು ಕಾರ್ಬ್ಯುರೇಟರ್ ಕೂರಿಸುವ ಮ್ಯಾನಿಫೋಲ್ಡ್ ಮಾಡಿದ, ಎಡ್ ಇಸ್ಕೆಂಡೇರಿಯನ್ ಕ್ಯಾಮ್‌ಶಾಫ್ಟ್ ಉಜ್ಜಿ ಕೊಡುತ್ತಿದ್ದ, ಡೀಸೆಲ್ ಬಸ್ಸು ಲಾರಿಗಳ ಇಂಜಿನ್ನಿನಿಂದ ಬಿಚ್ಚಿದ ಜಿಎಂಸಿ ಬ್ಲೋವರ್‌ಗಳು ಪೆಟ್ರೋಲ್ ವಿ-8ಗಳ ತಲೆ ಮೇಲೆ ಕೂತವು. ಇದೆಲ್ಲ ದೊಡ್ಡ ಉದ್ಯಮವೇ ಆಗಿ ಬೆಳೆಯಿತು, ಅದರ ಬಗ್ಗೆ ಪುಸ್ತಕಗಟ್ಟಲೆ ಬರೆದಿದ್ದಾರೆ. ನನಗೆ ಅದಕ್ಕಿಂತ ಕುತೂಹಲ ಹುಟ್ಟಿಸೋದು ಟೈರು.

ಯಾಕಂದ್ರೆ ಶಕ್ತಿ ಎಷ್ಟಿದ್ದರೇನು, ಹೊರಡುವಾಗ ಹಿಂದಿನ ಚಕ್ರ ನಿಂತಲ್ಲೇ ಗಿರಗಿರ ತಿರುಗಿದರೆ ಎಲ್ಲಾ ಹೊಗೆ. ಮೊದಲ 60 ಅಡಿಯಲ್ಲಿ ಕಳೆದುಕೊಂಡದ್ದು ಗೆರೆ ಮುಟ್ಟುವಷ್ಟರಲ್ಲಿ ಬಡ್ಡಿ ಸಮೇತ ಬೆಳೆದಿರುತ್ತೆ. ಇದಕ್ಕೆ ಹುಡುಗರು ಹಿಡಿದದ್ದು ನಮ್ಮ ಲಾರಿಯವರ ದಾರಿಯನ್ನೇ, ರೀಸೋಲಿಂಗ್! ಸವೆದ ಟೈರಿನ ಮೇಲೆ ಮೆತ್ತಗಿನ ರಬ್ಬರ್ ಹಾಕಿಸಿ, ಗೆರೆ-ಗಿರೆ ಏನೂ ಕೊರೆಸದೆ ನುಣ್ಣಗೆ ಬಿಡಿಸುವುದು. ಇದೇ 'ಸ್ಲಿಕ್'. ಒಣ ನೆಲದಲ್ಲಿ ಗೆರೆ ಇಲ್ಲದ ಟೈರಿಗೆ ನೆಲ ಹೆಚ್ಚು ತಾಗುತ್ತೆ, ಮೆತ್ತನೆ ರಬ್ಬರ್ ನೆಲದ ಸಣ್ಣ ಸಣ್ಣ ಉಬ್ಬುತಗ್ಗಿಗೆ ಅಂಟಿಕೊಳ್ಳುತ್ತೆ. (ಮಳೆ ಬಂದರೆ ಕಥೆ ಮುಗಿಯಿತು, ರಸ್ತೆ ಮೇಲಂತೂ ಬೇಡವೇ ಬೇಡ.) ಆ ದಶಕದ ಕೊನೆಗೆ ಎಂ ಅಂಡ್ ಎಚ್‌ನಂಥ ಕಂಪನಿಗಳು ಡ್ರ್ಯಾಗ್‌ಗಾಗಿಯೇ ಟೈರು ಮಾಡತೊಡಗಿದವು.

ಇಲ್ಲೊಂದು ಮಜಾ ಇದೆ. ನಾವು ಕಲಿತ ಘರ್ಷಣೆಯ ಪಾಠದ ಪ್ರಕಾರ ಘರ್ಷಣಾಂಕ 1 ಅಂತ ಇಟ್ಟುಕೊಳ್ಳಿ, ಕಾರಿನ ಪೂರ್ತಿ ಭಾರ ಹಿಂದಿನ ಚಕ್ರದ ಮೇಲೇ ಇದೆ ಅಂತಲೂ ಇಟ್ಟುಕೊಳ್ಳಿ. ಇಂಜಿನ್ ಎಷ್ಟೇ ದೊಡ್ಡದಿರಲಿ, ಕಾಲು ಮೈಲಿಗೆ ಸುಮಾರು 9.05 ಸೆಕೆಂಡಿಗಿಂತ ಕಡಿಮೆ ಬರಲಾರದು. ಆದರೆ 1964ರ ಆಗಸ್ಟ್‌ನಲ್ಲಿ ನ್ಯೂಜೆರ್ಸಿಯಲ್ಲಿ ಡಾನ್ ಗಾರ್ಲಿಟ್ಸ್ ಗಂಟೆಗೆ 201.34 ಮೈಲಿ ವೇಗದಲ್ಲಿ ಗೆರೆ ದಾಟಿದಾಗ ಗಡಿಯಾರದಲ್ಲಿ ಇದ್ದದ್ದು 7.78 ಸೆಕೆಂಡ್. ಬಿಸಿಯಾದ ಮೆತ್ತನೆ ರಬ್ಬರಿಗೆ ಪಠ್ಯಪುಸ್ತಕದ 1 ಎಂಬ ಗಡಿ ಗೊತ್ತೇ ಇಲ್ಲ.

ಟೈರಾದ ಮೇಲೆ, ಅದರ ಮೇಲೆ ಕೂರುವ ಭಾರ. ಕಾರು ಮುಂದಕ್ಕೆ ನುಗ್ಗಿದಾಗ ನಾವು ಸೀಟಿಗೆ ಒರಗುತ್ತೇವಲ್ಲ, ಹಾಗೆಯೇ ಕಾರಿನ ಭಾರವೂ ಹಿಂದಿನ ಚಕ್ರಕ್ಕೆ ಸರಿಯುತ್ತೆ. ಭಾರದ ಕೇಂದ್ರ ಎತ್ತರದಲ್ಲಿದ್ದಷ್ಟೂ ಹೆಚ್ಚು ಸರಿಯುತ್ತೆ. ಇದನ್ನು ಅಕ್ಷರಶಃ ನಂಬಿದವರು ಡೆಟ್ರಾಯ್ಟ್‌ನ 'ರಾಮ್‌ಚಾರ್ಜರ್ಸ್', ಕ್ರೈಸ್ಲರ್ ಕಂಪನಿಯ ಯುವ ಇಂಜಿನಿಯರುಗಳ ಕ್ಲಬ್ಬು. ಹಗಲು ಕಂಪನಿ ಕೆಲಸ, ರಾತ್ರಿ ಈ ಹುಚ್ಚು. 1949ರ ಒಂದು ಹಳೇ ಪ್ಲಿಮತ್ ಕಾರು ಹಿಡಿದು, ಅದನ್ನು ಎತ್ತರಕ್ಕೆ ಏರಿಸಿ, ಇಂಜಿನ್ ಮೇಲೆ ರಬ್ಬರ್ ಪೈಪುಗಳಿಂದ ಜೋಡಿಸಿದ ಗಾಳಿಯ ಕೊಳವೆಗಳ ಗೋಪುರ ಕಟ್ಟಿದರು. ಕೊಳವೆ ಸರಿಯಾದ ಉದ್ದವಿದ್ದರೆ ಅದರೊಳಗಿನ ಒತ್ತಡದ ಅಲೆ ವಾಲ್ವ್ ತೆರೆದಿರುವ ಹೊತ್ತಿಗೇ ಬಂದು ಹೆಚ್ಚು ಗಾಳಿ ತಳ್ಳುತ್ತೆ, ಕೊಳಲಿನ ಲೆಕ್ಕವೇ. ಬ್ಲೋವರ್ ಬೇಡ, ಬೆಲ್ಟ್ ಬೇಡ. ನೋಡೋಕೆ ಜಾತ್ರೆಯ ತೇರಿನಂತಿದ್ದ ಈ ಗಾಡಿಗೆ 'ಹೈ ಅಂಡ್ ಮೈಟಿ' ಅಂತ ಹೆಸರು. 1959ರ ನ್ಯಾಷನಲ್ಸ್‌ಗೆ ಅದು ಬಂತು. ಮುಂದಿನ ವರ್ಷವೇ ಕ್ರೈಸ್ಲರ್‌ನ ಶೋರೂಮ್ ಕಾರುಗಳಲ್ಲೂ ಉದ್ದ ಕೊಳವೆಯ ಈ ಉಪಾಯ ಕಾಣಿಸಿಕೊಂಡಿತು.

ಬ್ಯಾಟರಿಯನ್ನು ಬಾನೆಟ್ಟಿನಿಂದ ತೆಗೆದು ಡಿಕ್ಕಿಯಲ್ಲಿ, ಅದೂ ಬಲಗಡೆ ಇಡುವ ಪದ್ಧತಿಯೂ ಇದೇ ಜಾತಿಯದು. ಇಂಜಿನ್ನಿನ ತಿರುಚುವಿಕೆ ಹಿಂದಿನ ಆಕ್ಸಲ್‌ನ ಬಲ ಚಕ್ರವನ್ನು ಮೇಲೆತ್ತಲು ನೋಡುತ್ತೆ, ಬ್ಯಾಟರಿ ಅದನ್ನು ಅದುಮಿ ಹಿಡಿಯುತ್ತೆ. ಒಂದಿಷ್ಟು ವೈರು ಬಿಟ್ಟರೆ ಬೇರೆ ಖರ್ಚಿಲ್ಲ.

ಬಡವರ ಉಪಾಯ ಗೆದ್ದರೆ ಸಾಹುಕಾರರು ಸುಮ್ಮನಿರ್ತಾರಾ? 1963ರಲ್ಲಿ ಪಾಂಟಿಯಾಕ್ ಕಂಪನಿ ಕೆಲವು ಕಾರುಗಳ ಚಾಸಿಗೇ ತೂತು ಕೊರೆದು ಹಗುರ ಮಾಡಿತು, ಜನ ಅದನ್ನು ತೂತಿನ ಚೀಸ್‌ಗೆ ಹೋಲಿಸಿದರು. 1964ರಲ್ಲಿ ಫೋರ್ಡ್ ಫೈಬರ್‌ಗ್ಲಾಸ್ ಬಿಡಿಭಾಗಗಳ ಥಂಡರ್‌ಬೋಲ್ಟ್ ತಂದಿತು. 1965ರಲ್ಲಿ ಡಾಡ್ಜ್, ಪ್ಲಿಮತ್ ಕಾರುಗಳ ಬಾಡಿಯನ್ನು ಆಸಿಡ್‌ನಲ್ಲಿ ಅದ್ದಿ ತಗಡು ತೆಳುವಾಗಿಸಿ, ಚಕ್ರಗಳನ್ನೇ ಮುಂದಕ್ಕೆ ಸರಿಸಿದರು. ಡಿಕ್ ಕ್ರಾಫ್ಟ್ ಸ್ಪ್ಯಾನರ್ ಹಿಡಿದು ಮಾಡಿದ್ದನ್ನೇ ಇವರು ಕಾರ್ಖಾನೆ ಇಟ್ಟು ಮಾಡಿದರು ಅಷ್ಟೇ.

ಸಾಮಾನ್ಯ ಹುಡುಗನಿಗೆ ಇದರಿಂದ ಬಿಡುಗಡೆ ಸಿಕ್ಕಿದ್ದು 1970ರ ದಶಕದಲ್ಲಿ ಹರಡಿದ ಬ್ರ್ಯಾಕೆಟ್ ರೇಸಿಂಗ್‌ನಿಂದ. ನಿಮ್ಮ ಕಾರು ಎಷ್ಟು ಸೆಕೆಂಡ್ ತಗೊಳ್ಳುತ್ತೆ ಅಂತ ಮೊದಲೇ ಬರೆದು ಕೊಡಬೇಕು. ನಿಧಾನದ ಕಾರಿಗೆ ಅಷ್ಟು ಮುಂಚೆ ಹಸಿರು ದೀಪ. ಹೇಳಿದ್ದಕ್ಕಿಂತ ಬೇಗ ಓಡಿದರೆ ಸಾಮಾನ್ಯವಾಗಿ ನೀವೇ ಔಟ್! ಹಾಗಾಗಿ ಅಪ್ಪನ ಹಳೇ ಸ್ಟೇಷನ್ ವ್ಯಾಗನ್ ಕೂಡ ಗೆಲ್ಲಬಹುದು, ಪ್ರತಿಸಲ ಒಂದೇ ಥರ ಓಡಿದರೆ ಸಾಕು. ಹೊರಡುವ ಜಾಗದ ದೀಪದ ಕಂಬ 1963ರಲ್ಲೇ ಬಂದಿತ್ತು. ಅದರ ಜೊತೆಗಿನ ಬೆಳಕಿನ ಕಿರಣದಿಂದ ಮುಂದಿನ ಚಕ್ರ ಈಚೆ ಬಂದ ಮೇಲೆಯೇ ಓಟದ ಗಡಿಯಾರ ಶುರುವಾಗೋದು. ಕಿರಣದ ಅಂಚಿಗೆ ಮಾತ್ರ ಚಕ್ರ ತಾಗಿಸಿ ನಿಂತರೆ ಕೆಲವು ಇಂಚು ಪುಕ್ಕಟೆ ಓಟ ಸಿಗುತ್ತೆ, ಸಮಯ ಇಳಿಯುತ್ತೆ. ಒಂದು ಪೈಸೆ ಖರ್ಚಿಲ್ಲ. ಪ್ರತಿಕ್ರಿಯೆಯ ಸಮಯ ಮಾತ್ರ ಅಷ್ಟೇ ಹೆಚ್ಚುತ್ತೆ, ಅದು ಬೇರೆ ಮಾತು.

ಈ ಅಗ್ಗದ ಲೆಕ್ಕದಲ್ಲಿ ಒಂದು ಸಾಲ ಮಾತ್ರ ಬಹಳ ದಿನ ತೀರದೆ ಉಳಿದಿತ್ತು. ಎರಕದ ಕಬ್ಬಿಣದ ಮಾಮೂಲಿ ಫ್ಲೈವೀಲನ್ನು ಲೇತ್‌ಗೆ ಹಾಕಿ ಹಗುರ ಮಾಡಿ, 4000 ಸುತ್ತಿಗೆ ಮಾಡಿದ್ದನ್ನು 6000ಕ್ಕೆ ತಿರುಗಿಸಿದರೆ ಅದರೊಳಗಿನ ಎಳೆತ ಎರಡೂಕಾಲು ಪಟ್ಟು. ಸಿಡಿದರೆ ಚೂರುಗಳು ಚಾಲಕನ ಕಾಲಿನ ಕಡೆಗೇ ಬರುತ್ತವೆ. ಅದಕ್ಕೇ ಉಕ್ಕಿನ ಕವಚ ನಿಯಮವಾಗಿ ಬಂತು. ಅದರ ತೂಕ ಯಾರಿಗೂ ಇಷ್ಟವಿರಲಿಲ್ಲ.

ಇನ್ನೊಂದು ಇದಕ್ಕಿಂತ ಸೂಕ್ಷ್ಮ. 1954ರಲ್ಲಿ ಮಿಕಿ ಥಾಂಪ್ಸನ್ ಚಾಲಕನ ಸೀಟನ್ನು ಹಿಂದಿನ ಆಕ್ಸಲ್‌ಗಿಂತಲೂ ಹಿಂದಕ್ಕೆ ಸರಿಸಿದ್ದ. ಚಾಲಕನ ಮೈಭಾರವೇ ಟೈರನ್ನು ಒತ್ತಲಿ, ಅದಕ್ಕೇನು ಬಾಡಿಗೆ ಕೊಡಬೇಕಾ? ಕವಣೆಯಲ್ಲಿ ಕಲ್ಲು ಕೂತ ಹಾಗೆ ಕಾಣುತ್ತಿದ್ದ ಈ ವಿನ್ಯಾಸಕ್ಕೆ 'ಸ್ಲಿಂಗ್‌ಶಾಟ್' ಅಂತಲೇ ಹೆಸರಾಯಿತು, ಎಲ್ಲರೂ ಅದನ್ನೇ ಹಿಡಿದರು. ಆದರೆ ಹಾಗೆ ಕೂತವನ ಎದುರಿಗೆ ಇಂಜಿನ್, ಕಾಲುಗಳ ನಡುವೆ ಕ್ಲಚ್ಚು, ಗೇರ್‌ಬಾಕ್ಸು, ಡಿಫರೆನ್ಷಿಯಲ್. ಹದಿನಾರು ವರ್ಷ ಡ್ರ್ಯಾಗ್‌ಸ್ಟರ್‌ಗಳು ಹಾಗೇ ಓಡಿದವು, ಹಲವರು ಸುಟ್ಟುಕೊಂಡರು, ಕೆಲವರು ಸತ್ತರು.

1970ರ ಮಾರ್ಚ್ 8ರಂದು ಲಾಸ್ ಏಂಜಲೀಸ್ ಹತ್ತಿರದ ಲಯನ್ಸ್ ಸ್ಟ್ರಿಪ್‌ನಲ್ಲಿ ದೀಪ ಹಸಿರಾದ ಕ್ಷಣವೇ ಡಾನ್ ಗಾರ್ಲಿಟ್ಸ್‌ನ ಗೇರ್‌ಬಾಕ್ಸ್ ಸಿಡಿಯಿತು. ಕಾರು ಎರಡು ತುಂಡು. ಬಲಪಾದದ ಒಂದು ಭಾಗ ಹೋಯಿತು. ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ ಆತ ಇಂಜಿನ್ನನ್ನು ಚಾಲಕನ ಹಿಂದಕ್ಕೆ ಹಾಕುವ ಕಾರಿನ ಯೋಚನೆ ಶುರುಮಾಡಿದ. ಅಂಥ ಕಾರುಗಳನ್ನು ಮೊದಲೂ ಕೆಲವರು ಮಾಡಿ ನೋಡಿದ್ದರು, ಅವು ನೇರ ಓಡುತ್ತಿರಲಿಲ್ಲ. ಗಾರ್ಲಿಟ್ಸ್ ತಂಡಕ್ಕೂ ಅದೇ ತಲೆನೋವು. ಸ್ಟೀರಿಂಗ್‌ನ ಅನುಪಾತವನ್ನು ನಿಧಾನ ಮಾಡಿದ ಮೇಲೆ ಕಾರು ಗೆರೆ ಹಿಡಿದು ಓಡಿತು. 1971ರ ವಿಂಟರ್‌ನ್ಯಾಷನಲ್ಸ್ ಅದರಲ್ಲೇ ಗೆದ್ದ. ಕೆಲವೇ ವರ್ಷಗಳಲ್ಲಿ ಮೇಲಿನ ದರ್ಜೆಯಲ್ಲಿ ಸ್ಲಿಂಗ್‌ಶಾಟ್‌ಗಳು ಕಾಣದಾದವು.