ಗಡಿಭಾಗದ ಮೂರು ಊರುಗಳಲ್ಲಿ ವೇಗಮಿತಿ ಮತ್ತು ಸೈಕಲ್: ಒಂದು ಟಿಪ್ಪಣಿ

ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಮಹಾರಾಷ್ಟ್ರದ ಒಂದೇ ಜಿಲ್ಲೆಯ ಊರುಗಳು. ನಿಪ್ಪಾಣಿ, ಚಿಕ್ಕೋಡಿ, ಸಂಕೇಶ್ವರದ ಕಡೆಯ ಕನ್ನಡಿಗರಿಗೆ ಇವು ಸಂತೆ, ಆಸ್ಪತ್ರೆ, ಕೂಲಿ, ದೇವರ ದರ್ಶನಕ್ಕೆಂದು ಹೋಗಿಬರುವ ಜಾಗಗಳು. 2011ರ ಜನಗಣತಿಯ ಪ್ರಕಾರ ಕೊಲ್ಹಾಪುರದ ಜನಸಂಖ್ಯೆ ಸುಮಾರು 5.49 ಲಕ್ಷ, ಇಚಲಕರಂಜಿಯದು ಸುಮಾರು 2.87 ಲಕ್ಷ, ಗಡಹಿಂಗ್ಲಜದ್ದು ಸುಮಾರು 27 ಸಾವಿರ. ಲಾರಿ, ಬಸ್ಸು, ಬೈಕು, ಸೈಕಲ್ಲು ಒಂದೇ ಡಾಂಬರಿನ ಮೇಲೆ ಓಡುವ ಈ ಊರುಗಳಲ್ಲಿ ವೇಗಮಿತಿ ಇಳಿಸಲು ಕಾನೂನು ಎಷ್ಟು ಅವಕಾಶ ಕೊಟ್ಟಿದೆ, ಇಳಿಸಿದ ಮಿತಿ ರಸ್ತೆಯಲ್ಲಿ ಪಾಲನೆಯಾಗಲು ಏನು ಬೇಕು ಎಂಬ ಎರಡು ಪ್ರಶ್ನೆಗಳಿಗೆ ಈ ಟಿಪ್ಪಣಿ ಸೀಮಿತ. ಅವಕಾಶ ನಾವು ಅಂದುಕೊಂಡದ್ದಕ್ಕಿಂತ ಹೆಚ್ಚಿದೆ, ಪಾಲನೆ ಮಾತ್ರ ಸೂಚನಾ ಹಲಗೆಗಿಂತ ರಸ್ತೆಯ ಆಕಾರವನ್ನು ಅವಲಂಬಿಸಿದೆ ಎಂಬುದು ಇಲ್ಲಿನ ವಾದ.

1. ಅಂಕಿಅಂಶದ ಮಿತಿ

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಪಾದಚಾರಿಗಳು 32,825, ಸೈಕಲ್ ಸವಾರರು 4,800ಕ್ಕೂ ಹೆಚ್ಚು. ಒಟ್ಟು ಸಾವುಗಳಲ್ಲಿ ಶೇ. 71.2ಕ್ಕೆ ಅತಿವೇಗವೇ ಕಾರಣವೆಂದು ಅದೇ ವರದಿ ಹೇಳುತ್ತದೆ. ಈ ಕೊನೆಯ ಅಂಕಿಯನ್ನು ಎಚ್ಚರದಿಂದ ಓದಬೇಕು. ಅದರ ಮೂಲ ಪೊಲೀಸ್ ದಾಖಲೆ. ಅಪಘಾತದ ಕ್ಷಣದಲ್ಲಿ ವಾಹನದ ವೇಗವನ್ನು ಅಳೆದವರು ಸಾಮಾನ್ಯವಾಗಿ ಯಾರೂ ಇರುವುದಿಲ್ಲ. ಇನ್ನೊಂದು ಕಡೆ, 2011ರ ಜನಗಣತಿಯಲ್ಲಿ ಕೃಷಿಯೇತರ ದುಡಿಮೆಗಾರರಲ್ಲಿ ಸುಮಾರು ಶೇ. 13 ಮಂದಿ ಸೈಕಲ್ ಮೇಲೆ ಕೆಲಸಕ್ಕೆ ಹೋಗುವವರು. ಸೈಕಲ್ಲನ್ನು ವ್ಯಾಯಾಮದ ಸಾಧನವಾಗಿ ಮಾತ್ರ ಕಾಣುವ ನಗರ ಯೋಜನೆ ಈ ಲೆಕ್ಕವನ್ನು ಬಿಟ್ಟುಬಿಡುತ್ತದೆ.

2. ವೇಗದ ಲೆಕ್ಕ

ಚಾಲಕ ಅಪಾಯವನ್ನು ಕಂಡು ಬ್ರೇಕ್ ಒತ್ತಲು ಒಂದು ಸೆಕೆಂಡ್ ಹಿಡಿಯುತ್ತದೆ, ಒಣ ರಸ್ತೆಯಲ್ಲಿ ವಾಹನ ಪ್ರತಿ ಸೆಕೆಂಡಿನಲ್ಲಿ ಸೆಕೆಂಡಿಗೆ 7 ಮೀಟರ್‌ನಷ್ಟು ವೇಗ ಕಳೆದುಕೊಳ್ಳುತ್ತದೆ ಎಂದಿಟ್ಟುಕೊಳ್ಳೋಣ. ಗಂಟೆಗೆ 30 ಕಿ.ಮೀ. ವೇಗದ ಕಾರು ಸುಮಾರು 13 ಮೀಟರ್‌ನಲ್ಲಿ ನಿಲ್ಲುತ್ತದೆ. 50ರಲ್ಲಿ ಸುಮಾರು 28 ಮೀಟರ್, 70ರಲ್ಲಿ ಸುಮಾರು 46 ಮೀಟರ್ ಬೇಕು. 30ರ ಕಾರು ಪೂರ್ತಿ ನಿಂತ ಜಾಗದಲ್ಲಿ 50ರ ಕಾರಿನ ಬ್ರೇಕು ಇನ್ನೂ ಹಿಡಿದಿರುವುದೇ ಇಲ್ಲ. ಅಲ್ಲಿ ಸೈಕಲ್ ಇದ್ದರೆ ಅದಕ್ಕೆ ತಗಲುವುದು ಪೂರಾ 50ರ ಪೆಟ್ಟು. ಮಳೆಗಾಲದ ಒದ್ದೆ ರಸ್ತೆಯಲ್ಲಿ ಈ ಅಂತರಗಳು ಇನ್ನೂ ಹಿಗ್ಗುತ್ತವೆ.

ಸರಾಸರಿ ವೇಗ ಏರಿದಂತೆ ಸಾವುಗಳು ವೇಗದ ನಾಲ್ಕನೆಯ ಘಾತದಲ್ಲಿ ಏರುತ್ತವೆ ಎಂಬುದು ಸ್ವೀಡನ್ನಿನ ಯೋರಾನ್ ನಿಲ್ಸನ್ ಅವರ ಪ್ರಸಿದ್ಧ ಸೂತ್ರ. ನಗರದ ರಸ್ತೆಗಳಲ್ಲಿ ಘಾತ ಇದಕ್ಕಿಂತ ಕಡಿಮೆ, 3ರ ಆಸುಪಾಸಿನಲ್ಲಿದೆ ಎಂದು ನಾರ್ವೆಯ ರೂನೆ ಎಲ್ವಿಕ್ 2009ರಲ್ಲಿ ಪರಿಷ್ಕರಿಸಿದರು. ಈ ಸಣ್ಣ ಘಾತವನ್ನೇ ಹಿಡಿದರೂ ವೇಗ ಶೇ. 10 ಇಳಿದರೆ ಸಾವು ಸುಮಾರು ಶೇ. 27 ಇಳಿಯಬೇಕು. ಆಸ್ಟ್ರಿಯಾದ ಗ್ರಾಟ್ಸ್ ನಗರ 1992ರಲ್ಲಿ, ಸ್ಪೇನ್ 2021ರಲ್ಲಿ ಊರೊಳಗಿನ ಬಹುಪಾಲು ರಸ್ತೆಗಳಲ್ಲಿ 30ರ ಮಿತಿಗೆ ಇಳಿದವು. ಸೈಕಲ್, ಪಾದಚಾರಿ, ವಾಹನ ಬೆರೆಯುವಲ್ಲಿ 30 ದಾಟಬಾರದೆಂದು 2020ರ ಸ್ಟಾಕ್‌ಹೋಮ್ ಘೋಷಣೆಯೂ ಹೇಳಿತು.

ಪಕ್ಕದಲ್ಲಿ ಬಿಡಬೇಕಾದ ಜಾಗವನ್ನೂ ಲೆಕ್ಕ ಹಾಕಬಹುದು. ಊರೊಳಗೆ ಸೈಕಲ್ಲನ್ನು ದಾಟುವಾಗ 1.5 ಮೀಟರ್ ಬಿಡಬೇಕೆಂದು ಜರ್ಮನಿ 2020ರಲ್ಲಿ ನಿಯಮ ಮಾಡಿತು. ರಸ್ತೆಯ ಅಂಚಿನಿಂದ ಅರ್ಧ ಮೀಟರ್, ಹ್ಯಾಂಡಲ್ ಅಗಲ 0.6, ನಡುವಿನ ಅಂತರ 1.5, ಬಸ್ಸಿನ ಅಗಲ 2.6 ಮೀಟರ್ ಕೂಡಿಸಿದರೆ 5.2 ಮೀಟರ್ ಆಗುತ್ತದೆ. 7 ಮೀಟರ್ ಅಗಲದ ರಸ್ತೆಯಲ್ಲಿ ಬಸ್ಸಿನ ಪಾಲಿಗೆ ಬರುವುದು 3.5 ಮೀಟರ್. ಎದುರಿನಿಂದ ಏನೂ ಬರದಿದ್ದಾಗ ಮಾತ್ರ ಸೈಕಲ್ಲನ್ನು ಸುರಕ್ಷಿತವಾಗಿ ದಾಟಬಹುದು. ಅಲ್ಲಿಯವರೆಗೆ ಬಸ್ಸು ಸೈಕಲ್ಲಿನ ಹಿಂದೆಯೇ ಹೋಗಬೇಕು. 30ರಲ್ಲಿ ಬರುತ್ತಿರುವ ಚಾಲಕನಿಗೆ ಹಾಗೆ ಹಿಂದೆ ಉಳಿಯುವುದು ಸುಲಭ. 60ರಲ್ಲಿ ಬರುತ್ತಿರುವವನು ಹಾರ್ನ್ ಒತ್ತಿ ನುಗ್ಗುತ್ತಾನೆ.

3. ಕಾನೂನು

2018ರ ಏಪ್ರಿಲ್ 6ರ ಕೇಂದ್ರ ಅಧಿಸೂಚನೆ ಪುರಸಭೆ, ನಗರಸಭೆಗಳ ವ್ಯಾಪ್ತಿಯೊಳಗೆ ಕಾರಿಗೆ 70, ಬಸ್ಸು ಲಾರಿ ಮತ್ತು ಮೋಟರ್‌ಸೈಕಲ್‌ಗೆ 60, ಆಟೋಗೆ 50ರ ಗರಿಷ್ಠ ಮಿತಿ ಹಾಕಿತು. ಎಕ್ಸ್‌ಪ್ರೆಸ್‌ವೇಗಳಲ್ಲಿ 120ಕ್ಕೆ ಅವಕಾಶ ಕೊಟ್ಟದ್ದನ್ನು ಆಕ್ಷೇಪಿಸಿ ಮದ್ರಾಸ್ ಹೈಕೋರ್ಟ್ 2021ರಲ್ಲಿ ಆ ಅಧಿಸೂಚನೆಯನ್ನು ರದ್ದುಪಡಿಸಿತು. ಊರೊಳಗಿನ 70ರ ಬಗ್ಗೆ ಚರ್ಚೆ ನಡೆದದ್ದು ಕಡಿಮೆ.

ಸ್ಥಳೀಯವಾಗಿ ಉಪಯೋಗಕ್ಕೆ ಬರುವುದು 1988ರ ಮೋಟಾರು ವಾಹನ ಕಾಯ್ದೆಯ 112(2)ನೇ ಕಲಮು. ಸಾರ್ವಜನಿಕ ಸುರಕ್ಷತೆಗಾಗಿ ರಾಜ್ಯ ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟ ಪ್ರಾಧಿಕಾರವು ಒಂದು ಪ್ರದೇಶಕ್ಕೆ, ಒಂದು ರಸ್ತೆಗೆ, ಅಥವಾ ಟ್ರೇಲರ್ ಕಟ್ಟಿದ ವಾಹನಗಳಿಗೇ ಬೇರೆ ವೇಗಮಿತಿ ಗೊತ್ತುಪಡಿಸಬಹುದು. ಇದಕ್ಕೆ ಗೆಜೆಟ್ ಅಧಿಸೂಚನೆ ಬೇಕು, ರಸ್ತೆಯಲ್ಲಿ ಹಲಗೆ ನೆಡಬೇಕು. ಮಿತಿ ಒಂದು ತಿಂಗಳಿಗಿಂತ ಹೆಚ್ಚು ಕಾಲ ಇರದಿದ್ದರೆ ಗೆಜೆಟ್ ಬೇಕಿಲ್ಲ ಎಂಬ ವಿನಾಯಿತಿಯೂ ಇದೆ. ಪ್ರಯೋಗ ಮಾಡಿ ನೋಡಬಯಸುವ ಊರಿಗೆ ಈ ವಿನಾಯಿತಿ ದೊಡ್ಡ ಅನುಕೂಲ.

ತೊಡಕು 183ನೇ ಕಲಮಿನಲ್ಲಿದೆ. ಉಪಕರಣದಿಂದ ಅಳೆಯದೆ, ವೇಗವಾಗಿ ಹೋದನೆಂಬ ಒಬ್ಬ ಸಾಕ್ಷಿಯ ಅಭಿಪ್ರಾಯದ ಮೇಲಷ್ಟೇ ಶಿಕ್ಷೆ ಕೊಡುವಂತಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರಲ್ಲಿ ಸೇರಿದ 167ಎ ನಿಯಮದಂತೆ ಕ್ಯಾಮೆರಾ ಕಣ್ಗಾವಲಿಗೆ ಗುರುತಿಸಿದ ನಗರಗಳಲ್ಲಿ ಕೊಲ್ಹಾಪುರ ಸೇರಿದೆ, ಇಚಲಕರಂಜಿ ಸೇರಿಲ್ಲ. ಚಿಕ್ಕ ಊರುಗಳಲ್ಲಿ ದಂಡದ ಭಯವೊಂದನ್ನೇ ನೆಚ್ಚಿಕೊಳ್ಳಲಾಗದು. ಇನ್ನೊಂದು ದಾರಿಯೂ ಇದೆ: ಸೈಕಲ್ ಮುಂತಾದ ಯಂತ್ರರಹಿತ ವಾಹನಗಳ ಬಗ್ಗೆ ರಾಜ್ಯಗಳು ನಿಯಮ ರೂಪಿಸಬಹುದೆಂದು 2019ರಲ್ಲಿ ಅದೇ ಕಾಯ್ದೆಗೆ 138(1ಎ) ಕಲಮು ಸೇರಿತು. ಕೊಯಮತ್ತೂರಿನ ಮೂಳೆತಜ್ಞ ಡಾ. ಎಸ್. ರಾಜಶೇಖರನ್ 2012ರಲ್ಲಿ ಹೂಡಿದ ಮೊಕದ್ದಮೆಯಲ್ಲಿ, ಆ ನಿಯಮಗಳನ್ನು ಆರು ತಿಂಗಳೊಳಗೆ ರೂಪಿಸುವಂತೆ ಸುಪ್ರೀಂ ಕೋರ್ಟ್ 2025ರ ಅಕ್ಟೋಬರ್ 7ರಂದು ರಾಜ್ಯಗಳಿಗೆ ನಿರ್ದೇಶನ ಕೊಟ್ಟಿತು.

4. ಮೂರು ಊರು, ಮೂರು ಬಗೆ

ಕೊಲ್ಹಾಪುರದ ಹಳೆಯ ಪೇಟೆಯಲ್ಲಿ, ಅಂಬಾಬಾಯಿ ಗುಡಿಯ ಸುತ್ತ, ಮಹಾದ್ವಾರ ರಸ್ತೆಯಲ್ಲಿ ಜನಸಂದಣಿಯೇ ವೇಗವನ್ನು ತಡೆಯುತ್ತದೆ. ತೊಂದರೆ ಅಗಲವಾದ ರಸ್ತೆಗಳಲ್ಲಿದೆ. ಸುಮಾರು 50 ಕಿ.ಮೀ. ನಗರ ರಸ್ತೆಗಳನ್ನು ಖಾಸಗಿ ಬಂಡವಾಳದಿಂದ ಸುಧಾರಿಸಿ, 2013ರಲ್ಲಿ ಟೋಲ್ ವಸೂಲಿ ಶುರುವಾಯಿತು. ಎನ್.ಡಿ. ಪಾಟೀಲ, ಗೋವಿಂದ ಪಾನ್ಸರೆ ಮುಂತಾದವರು ಮುಂದಾಳಾಗಿದ್ದ ಚಳವಳಿಯ ಒತ್ತಡಕ್ಕೆ 2015ರ ಕೊನೆಗೆ ಸರ್ಕಾರ ಟೋಲ್ ಕೈಬಿಟ್ಟಿತು. ರಸ್ತೆಯ ಹಣ ಯಾರು ಕೊಡಬೇಕು ಎಂಬ ಪ್ರಶ್ನೆಯನ್ನು ಈ ಊರು ಬೀದಿಗಿಳಿದು ಬಗೆಹರಿಸಿತು. ಅದೇ ರಸ್ತೆಯಲ್ಲಿ ಯಾರಿಗೆ ಎಷ್ಟು ಜಾಗ, ಎಷ್ಟು ವೇಗ ಎಂಬ ಪ್ರಶ್ನೆಗೂ ಅಂಥದೇ ಸಾರ್ವಜನಿಕ ಚರ್ಚೆ ಬೇಕು.

ಇಚಲಕರಂಜಿಗೆ ಮೊದಲ ವಿದ್ಯುತ್ ಮಗ್ಗ ಬಂದದ್ದು 1904ರಲ್ಲಿ, ಘೋರ್ಪಡೆಯವರ ಜಹಗೀರಿನ ಕಾಲದಲ್ಲಿ. ಊರು ಮಹಾನಗರಪಾಲಿಕೆಯಾದದ್ದು 2022ರಲ್ಲಿ. ಇಲ್ಲಿ ಬೀದಿಯ ಗಡಿಯಾರ ಮಗ್ಗದ ಪಾಳಿ. ಹನ್ನೆರಡು ತಾಸಿನ ಪಾಳಿ ಮುಗಿಸಿ, ನಿದ್ದೆಗಣ್ಣಿನಲ್ಲಿ ಸೈಕಲ್ ತುಳಿಯುವವರ ಪಕ್ಕದಲ್ಲೇ ನೂಲಿನ ಬೀಮು, ಬಟ್ಟೆಯ ಗಂಟು ಹೊತ್ತ ಟೆಂಪೊಗಳು ಸಾಗುತ್ತವೆ. ಊರಿಡೀ ಒಂದೇ ಮಿತಿ ಹಾಕುವ ಮೊದಲು ಮಗ್ಗದ ಶೆಡ್ಡುಗಳ ಓಣಿಗಳಲ್ಲಿ 30ರ ಮಿತಿ ತಂದು, ಪಾಳಿ ಬದಲಾಗುವ ಹೊತ್ತಿನಲ್ಲಿ ಅದರ ಮೇಲೆ ನಿಗಾ ಇಡುವುದು ಹೆಚ್ಚು ಫಲ ಕೊಟ್ಟೀತು.

ಗಡಹಿಂಗ್ಲಜದ ಕಥೆ ಹೆದ್ದಾರಿಯದು. ಸಂಕೇಶ್ವರದಿಂದ ಹೊರಟು ಆಜರಾ, ಅಂಬೋಲಿ ಘಾಟಿನ ಮೂಲಕ ಬಾಂದಾಕ್ಕೆ ಹೋಗುವ ರಸ್ತೆ ಈ ಊರನ್ನು ಹಾಯ್ದು ಹೋಗುತ್ತದೆ. ಬಹಳ ಹೊತ್ತು ವೇಗವಾಗಿ ಓಡಿಸಿದ ಚಾಲಕನಿಗೆ ಊರೊಳಗಿನ 50 ಕೂಡ ನಿಧಾನವೆನಿಸುತ್ತದೆ. ಊರ ಬಾಗಿಲಲ್ಲೇ ರಸ್ತೆಯ ರೂಪ ಬದಲಾಗದಿದ್ದರೆ ಅವನ ಕಾಲು ಆಕ್ಸಿಲರೇಟರ್ ಬಿಡುವುದಿಲ್ಲ. ಕಬ್ಬು ಅರೆಯುವ ಹಂಗಾಮಿನಲ್ಲಿ ಇದಕ್ಕೆ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳೂ ಎತ್ತಿನ ಗಾಡಿಗಳೂ ಸೇರುತ್ತವೆ. ಅವು ನಿಧಾನವಾಗಿಯೇ ಹೋಗುತ್ತವೆ. ಅಪಾಯವಿರುವುದು ಹೊರಚಾಚಿದ ಕಬ್ಬಿನಲ್ಲಿ, ಹಿಂದೀಪವಿಲ್ಲದ ಟ್ರೇಲರಿನಲ್ಲಿ, ಅವನ್ನು ದಾಟಲು ಹೊರಳುವ ವಾಹನ ಸೈಕಲ್ಲಿನವನನ್ನು ಅಂಚಿಗೆ ಒತ್ತುವುದರಲ್ಲಿ. 112(2)ರಡಿ ಒಂದು ರಸ್ತೆಗೇ ಬೇರೆ ಮಿತಿ ಹಾಕಬಹುದಾದ್ದರಿಂದ, ದಾಟುವ ವಾಹನಗಳ ವೇಗ ತಗ್ಗಿಸಲು ಹಂಗಾಮಿಗೆ ತಕ್ಕ ಆದೇಶ ಸಾಧ್ಯ. ಪ್ರತಿಫಲಕ ಪಟ್ಟಿ ಅಂಟಿಸುವ ಹೊಣೆಯನ್ನು ಸಕ್ಕರೆ ಕಾರ್ಖಾನೆಯ ಅಂಗಳದಲ್ಲೇ ನಿಭಾಯಿಸಬಹುದು.

5. ಉಬ್ಬು ಮತ್ತು ಆಕ್ಷೇಪ

ವೇಗ ತಗ್ಗಿಸುವ ನಮ್ಮ ರೂಢಿಯ ಉಪಾಯ ರಸ್ತೆಯುಬ್ಬು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಅಳತೆಯಂತೆ ಗಂಟೆಗೆ 25 ಕಿ.ಮೀ. ವೇಗಕ್ಕೆ ಉಬ್ಬಿನ ಅಗಲ 3.7 ಮೀಟರ್, ಎತ್ತರ 10 ಸೆಂಟಿಮೀಟರ್. ಓಣಿಯವರು ರಾತ್ರೋರಾತ್ರಿ ಹಾಕಿಸುವ ಕಿರಿದಾದ ದಿಬ್ಬ ಸೈಕಲ್ಲಿನವನನ್ನೇ ಮೊದಲು ಬೀಳಿಸುತ್ತದೆ. ಸರಿಯಾದ ಅಳತೆಯ ಉಬ್ಬು, ಅಂಚಿನಲ್ಲಿ ಸೈಕಲ್ ಮತ್ತು ನೀರು ಹರಿಯಲು ಬಿಟ್ಟ ಸಂದು, ಕೂಡುರಸ್ತೆಯಲ್ಲಿ ಬಿಗಿಯಾದ ತಿರುವು, ಊರ ಬಾಗಿಲಲ್ಲಿ ಕಿರಿದಾಗುವ ಪಟ್ಟೆ ಇದ್ದರೆ ಪೊಲೀಸರಿಲ್ಲದ ಹೊತ್ತಿನಲ್ಲೂ ವೇಗ ಇಳಿಯುತ್ತದೆ.

ಹೊತ್ತು ಹಾಳಾಗುತ್ತದೆ ಎಂಬುದು ಮುಖ್ಯ ಆಕ್ಷೇಪ. 3 ಕಿ.ಮೀ. ದಾರಿಗೆ 50ರಲ್ಲಿ 3.6 ನಿಮಿಷ, 30ರಲ್ಲಿ 6 ನಿಮಿಷ. ಎಲ್ಲೂ ನಿಲ್ಲದೆ ಹೋದರೆ ನಷ್ಟ 2.4 ನಿಮಿಷ, ಸಿಗ್ನಲ್, ದನ, ಗಾಡಿಗಳಿರುವ ನಿಜವಾದ ರಸ್ತೆಯಲ್ಲಿ ಅದಕ್ಕಿಂತ ಕಡಿಮೆ. ಸೈಕಲ್ಲಿಗೂ ದೀಪ, ಪ್ರತಿಫಲಕ ಬೇಕೆಂಬ ಮಾತು ಸರಿಯೇ. ಆದರೆ ದೀಪ ಕಂಡ ಮೇಲೂ ನಿಲ್ಲಲು ಬೇಕಾದ ದೂರವನ್ನು ವೇಗವೇ ನಿರ್ಧರಿಸುತ್ತದೆ.

6. ಸಲಹೆ

ಗೆಜೆಟ್ ಬೇಡದ ಒಂದು ತಿಂಗಳ ಪ್ರಯೋಗವನ್ನು ಮೂರೂ ಊರುಗಳಲ್ಲಿ ಒಂದೊಂದು ರಸ್ತೆಯ ಮೇಲೆ ಮಾಡಬಹುದು. ಕಬ್ಬಿನ ಹಂಗಾಮಿನ ತಿಂಗಳನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ಒಂದು ತಿಂಗಳಲ್ಲಿ ಒಂದು ರಸ್ತೆಯ ಸಾವುಗಳು ಏರಿದವೋ ಇಳಿದವೋ ಎಂದು ಹೇಳುವಷ್ಟು ಅಂಕಿ ಸಿಗುವುದಿಲ್ಲ, ಆ ಲೆಕ್ಕಕ್ಕೆ ಕೈಹಾಕಬಾರದು. ಅಳೆಯಬೇಕಾದದ್ದು ಪ್ರಯೋಗದ ಮುಂಚಿನ, ನಡುವಿನ, ನಂತರದ ವಾಹನ ವೇಗ. ಸೈಕಲ್ಲನ್ನು ದಾಟುವಾಗ ಬಿಟ್ಟ ಅಂತರ. ಪಾಳಿ ಮತ್ತು ಶಾಲೆಯ ಹೊತ್ತಿನ ಸೈಕಲ್ಲುಗಳ ಎಣಿಕೆ. ಹಲಗೆ ಮಾತ್ರ ಇದ್ದ ರಸ್ತೆಗೂ ಉಬ್ಬು, ತಿರುವು ಬದಲಿಸಿದ ರಸ್ತೆಗೂ ವ್ಯತ್ಯಾಸ ಕಂಡರೆ ಪಾಲಿಕೆಗಳು ಹಣವನ್ನು ಎಲ್ಲಿ ಸುರಿಯಬೇಕೆಂಬುದು ಗೊತ್ತಾಗುತ್ತದೆ. ಕಾಣದಿದ್ದರೆ, ಪಾಲನೆ ರಸ್ತೆಯ ಆಕಾರವನ್ನು ಅವಲಂಬಿಸಿದೆ ಎಂಬ ಈ ಟಿಪ್ಪಣಿಯ ಎರಡನೆಯ ವಾದವನ್ನು ಕೈಬಿಡಬೇಕಾಗುತ್ತದೆ.